ಉತಾರದಲ್ಲಿ ಹೆಸರು ಹಾಗೇ ಇದೆ, ಹಾಗಾದ್ರೆ ಮಾರಿದ್ದೇನು?

ಬೆಳಗಾವಿ ಹತ್ತಿರದ ಸಾಂಬ್ರಾದ ಹಿರಿಯ ರೈತರೊಬ್ಬರು ಹೋದ ತಿಂಗಳು ನಮ್ಮ ಟಿಳಕವಾಡಿ ಆಫೀಸಿಗೆ ಬಂದಿದ್ದರು. ವಿಮಾನ ನಿಲ್ದಾಣದ ವಿಸ್ತರಣೆಗೆ ಹೊಲ ಕೊಟ್ಟವರು. ಕಾಗದಪತ್ರದ ಕೆಲಸ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. "ಸರ, ಮಂಗಳೂರಿಂದು ಅದಾನಿಗೆ ಮಾರ್ಯಾರಂತಲ್ರಿ. ನಾಳೆ ನಮ್ದೂ ಮಾರಿದ್ರ ನಾವು ಕೊಟ್ಟ ಹೊಲ ಯಾರ್ದಾಗತೈತ್ರಿ?"

ಇಪ್ಪತ್ತೈದು ವರ್ಷದಿಂದ ಕಂಪನಿಗಳ ಲೆಕ್ಕ ನೋಡುವ ನನಗೆ ಇದು ಬಹಳ ಸರಿಯಾದ ಪ್ರಶ್ನೆ ಅನ್ನಿಸಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು 'ಮಾರಿದರು' ಅನ್ನುವ ಮಾತನ್ನು ಪಕ್ಕಕ್ಕಿಡೋಣ. ಮಂಗಳೂರಿನ ಭೂಮಿ ಈಗಲೂ ಖಾಸಗಿಯವರ ಹೆಸರಿಗೆ ಹೋಗಿಲ್ಲ. ನಮ್ಮ ಕಡೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಡುತ್ತೇವಲ್ಲ, ಹಾಗೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ ಹೆಸರು ನಮ್ಮದೇ, ಉಳುವವರು ಬೇರೆ. 2020ರ ಅಕ್ಟೋಬರ್ 31ರಂದು ಅದಾನಿ ಸಮೂಹ ಮಂಗಳೂರನ್ನು ವಹಿಸಿಕೊಂಡಿದ್ದು 50 ವರ್ಷದ ಲಾವಣಿಯ ಮೇಲೆ. ವಿಮಾನಗಳ ಸಂಚಾರ ನಿಯಂತ್ರಣ ಕೇಂದ್ರ ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲೇ ಇದೆ. ಅವಧಿ ಮುಗಿದಾಗ ರನ್‌ವೇ, ಟರ್ಮಿನಲ್ ಎಲ್ಲ ಪ್ರಾಧಿಕಾರಕ್ಕೇ ವಾಪಸ್.

ಆದರೆ ಲಾವಣಿಯಲ್ಲೂ ಬಗೆ ಬಗೆ ಇವೆ. 2006ರಲ್ಲಿ ದೆಹಲಿ, ಮುಂಬೈ ಕೊಟ್ಟಾಗ ಪಾಲಿನ ಪದ್ಧತಿ ಇಟ್ಟರು. ದೆಹಲಿಯಲ್ಲಿ ಬರುವ ಆದಾಯದ ಶೇ 45.99, ಮುಂಬೈಯಲ್ಲಿ ಶೇ 38.7 ಪ್ರಾಧಿಕಾರಕ್ಕೆ. 2019ರಲ್ಲಿ ಅಹಮದಾಬಾದ್, ಜೈಪುರ, ಲಖನೌ, ಗುವಾಹಟಿ, ತಿರುವನಂತಪುರ, ಮಂಗಳೂರು ಈ ಆರಕ್ಕೆ ಹರಾಜು ನಡೆದಾಗ ಪದ್ಧತಿ ಬದಲಾಯಿತು. ಒಬ್ಬ ಪ್ರಯಾಣಿಕನಿಗೆ ಇಷ್ಟು ಅಂತ. ಕಬ್ಬಿಗೆ ಟನ್ನಿನ ಲೆಕ್ಕ ಇದ್ದ ಹಾಗೆ. ಮಂಗಳೂರಿಗೆ 115 ರೂಪಾಯಿ, ಅಹಮದಾಬಾದಿಗೆ 177. ತಿರುವನಂತಪುರಕ್ಕೆ ಕೇರಳ ಸರ್ಕಾರದ ಸಂಸ್ಥೆ 135 ಕೂಗಿತು, ಅದಾನಿ 168. ಆರೂ ಒಬ್ಬರಿಗೇ ಹೋದವು. ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕೊಡಬಾರದು ಅಂತ ಹಣಕಾಸು ಸಚಿವಾಲಯದ ಅಧಿಕಾರಿಗಳು ಮೊದಲೇ ಟಿಪ್ಪಣಿ ಬರೆದಿದ್ದರು. ಆ ಷರತ್ತು ಟೆಂಡರಿನಲ್ಲಿ ಬರಲಿಲ್ಲ. ಬರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಟನ್ನಿನ ಲೆಕ್ಕವೇ ಮೇಲು ಅನ್ನಿಸುತ್ತದೆ. ಪಾಲಿನಲ್ಲಿ ಜಗಳ ಹುಟ್ಟುವುದೇ 'ಆದಾಯ ಅಂದರೆ ಯಾವುದು' ಅನ್ನುವಲ್ಲಿ. ಒಂದು ಸಂಸ್ಥೆಯ ಲೆಕ್ಕ ನೋಡುವಾಗ ಇದನ್ನು ಕಣ್ಣಾರೆ ಕಂಡೆ. ಗೋದಾಮನ್ನು ಪಾಲಿಗೆ ಹಿಡಿದವನು ಒಳಗಿನ ಲಾರಿ ತೂಗುವ ವೇಬ್ರಿಜ್ಜನ್ನು ತಮ್ಮನ ಹೆಸರಿನ ಫರ್ಮಿಗೆ ಕೊಟ್ಟಿದ್ದ. ಆ ದುಡ್ಡು ಪಾಲಿಗೇ ಬರಲಿಲ್ಲ. ಒಪ್ಪಂದದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಅಷ್ಟೇ. ಪ್ರಯಾಣಿಕರ ತಲೆ ಎಣಿಸುವಾಗ ಅಂಥ ಆಟಕ್ಕೆ ಜಾಗ ಕಡಿಮೆ.

ಈಗ ಜನ ಗಮನಿಸದ ಭಾಗಕ್ಕೆ ಬರುತ್ತೇನೆ. ಹರಾಜಿಲ್ಲದೆಯೂ ನಿಲ್ದಾಣ ಕೈ ಬದಲಾಗಬಹುದು. ಲಾವಣಿ ಹಿಡಿದಿರುವುದು ಮನುಷ್ಯ ಅಲ್ಲ, ಕಂಪನಿ. ಆ ಕಂಪನಿಯ ಷೇರು ಕೊಂಡರೆ ಲಾವಣಿಯೂ ಬಂದ ಹಾಗೆ. ಮುಂಬೈ ನಿಲ್ದಾಣದ ಕಂಪನಿಯಲ್ಲಿ ಜಿವಿಕೆ ಅನ್ನುವ ಖಾಸಗಿ ಸಮೂಹದ್ದು ಶೇ 50.5, ದಕ್ಷಿಣ ಆಫ್ರಿಕಾದ ಎರಡು ಕಂಪನಿಗಳದು ಶೇ 23.5, ಪ್ರಾಧಿಕಾರದ್ದು ಶೇ 26 ಇತ್ತು. ಜಿವಿಕೆ ಮೇಲೆ ಸಾಲದ ಹೊರೆ. 2020ರ ಆಗಸ್ಟ್‌ನಲ್ಲಿ ಅದಾನಿ ಕಡೆಯವರು ಆ ಸಾಲವನ್ನೇ ಕೊಳ್ಳಲು ಒಪ್ಪಂದ ಮಾಡಿಕೊಂಡರು. ಸಾಲಗಾರನ ಪತ್ರ ಕೈಗೆ ಬಂದರೆ ಮನೆಯ ಕೀಲಿಯೂ ಹತ್ತಿರ ಬಂತು ಅಂತಲೇ ಅಲ್ವಾ? ಸಾಲವನ್ನು ಷೇರಾಗಿ ಬದಲಿಸುವ ದಾರಿ ಅದರಲ್ಲೇ ಇತ್ತು. ಆಫ್ರಿಕಾದವರ ಪಾಲೂ ಸೇರಿ ಶೇ 74. 2021ರ ಜುಲೈನಲ್ಲಿ ಆಡಳಿತ ಪೂರ್ತಿ ಕೈ ಬದಲಾಯಿತು. ಹೊಸ ಟೆಂಡರ್ ಬೇಕಾಗಲಿಲ್ಲ, ಸರ್ಕಾರದ ಮತ್ತು ನಿಯಂತ್ರಕರ ಒಪ್ಪಿಗೆಗಳು ಸಾಕಾದವು. ಬೆಂಗಳೂರಿನಲ್ಲೂ ಕೆನಡಾದ ಫೇರ್‌ಫ್ಯಾಕ್ಸ್ ಬಂದಿದ್ದು ಷೇರು ಕೊಂಡೇ.

ಅದಕ್ಕೇ ಒಪ್ಪಂದ ಕೈಗೆ ಸಿಕ್ಕರೆ ನಾನು ಮೊದಲು ತೆರೆಯುವುದು 'ಮಾಲೀಕತ್ವ ಬದಲಾವಣೆ'ಯ ಪುಟ. ಎಷ್ಟು ವರ್ಷ ಷೇರು ಮಾರುವಂತಿಲ್ಲ, ಯಾರ ಒಪ್ಪಿಗೆ ಬೇಕು, ಎಲ್ಲ ಅಲ್ಲಿರುತ್ತದೆ.

ಟಿಕೆಟ್ಟಿನ ಮೇಲೆ ಏನಾಗುತ್ತದೆ? ವರ್ಷಕ್ಕೆ 35 ಲಕ್ಷಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ನಿಲ್ದಾಣಗಳ ದರವನ್ನು ಆರ್ಥಿಕ ನಿಯಂತ್ರಣ ಪ್ರಾಧಿಕಾರ, ಅಂದರೆ ಎಇಆರ್‌ಎ ಗೊತ್ತು ಮಾಡುತ್ತದೆ. ಹಾಕಿದ ಬಂಡವಾಳದ ಮೇಲೆ ಇಷ್ಟು ಲಾಭ, ಜೊತೆಗೆ ಖರ್ಚು, ಅದರಿಂದ ಅಂಗಡಿ-ಪಾರ್ಕಿಂಗ್ ಆದಾಯದ ಶೇ 30 ಕಳೆಯುವುದು. ಉಳಿದದ್ದು ನಾವು ಟಿಕೆಟ್ಟಿನ ಜೊತೆ ಕಟ್ಟುವ ಯುಡಿಎಫ್ (ಬಳಕೆದಾರರ ಅಭಿವೃದ್ಧಿ ಶುಲ್ಕ) ಮತ್ತು ವಿಮಾನ ಕಂಪನಿಗಳು ಕಟ್ಟುವ ಇಳಿಯುವ ಶುಲ್ಕದ ರೂಪದಲ್ಲಿ ಬರುತ್ತದೆ. ಕಟ್ಟಡ ದೊಡ್ಡದಾದಷ್ಟೂ ಶುಲ್ಕ ದೊಡ್ಡದು. ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡುವ ಮಂಗಳೂರಿನ ಆ 115 ರೂಪಾಯಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಿ ನಮ್ಮಿಂದ ವಸೂಲು ಮಾಡುವಂತಿಲ್ಲ.

ನಮ್ಮ ಸಾಂಬ್ರಾ ಇನ್ನೂ ಸಣ್ಣದು. 1942ರಲ್ಲಿ ಬ್ರಿಟಿಷ್ ವಾಯುಪಡೆ ಹಾಕಿದ ನೆಲೆ, 2017ರಲ್ಲಿ ಹೊಸ ಟರ್ಮಿನಲ್, ವಿಮಾನ ನಿಲ್ದಾಣ ಪ್ರಾಧಿಕಾರದ್ದೇ ನಿರ್ವಹಣೆ. ಖಾಸಗಿಯವರಿಗೆ ಲಾವಣಿಗೆ ಕೊಡಲು ಗುರುತಿಸಿ 2021ರ ಆಗಸ್ಟ್‌ನಲ್ಲಿ ಕೇಂದ್ರ ಪ್ರಕಟಿಸಿದ 25 ನಿಲ್ದಾಣಗಳ ಪಟ್ಟಿಯಲ್ಲಿ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. ಆದರೆ ಅದೇ ವರ್ಷ ಕಾನೂನು ತಿದ್ದಿ, ಹಲವು ನಿಲ್ದಾಣಗಳನ್ನು ಒಂದು ಗುಂಪಾಗಿ ಸೇರಿಸಿ ದರ ಗೊತ್ತು ಮಾಡಲು ದಾರಿ ಮಾಡಿದ್ದಾರೆ. ಲಾಭದ ನಿಲ್ದಾಣದ ಜೊತೆ ಲಾಭವಿಲ್ಲದ್ದನ್ನು ಕಟ್ಟಿ ಕೊಡುವ ಯೋಚನೆ ಅದರ ಹಿಂದಿದೆ. ಆಗ ಸಣ್ಣ ಊರಿನ ಪ್ರಯಾಣಿಕ ದೊಡ್ಡ ಊರಿನ ಕಟ್ಟಡಕ್ಕೆ ದುಡ್ಡು ಕಟ್ಟಬೇಕೋ, ದೊಡ್ಡ ಊರಿನವರು ನಮ್ಮನ್ನು ಸಾಕುತ್ತಾರೋ ಅನ್ನುವುದು ಆ ಒಪ್ಪಂದದ ಮೇಲೆ ನಿಂತಿರುತ್ತದೆ.

ದರ ಗೊತ್ತು ಮಾಡುವ ಮೊದಲು ಎಇಆರ್‌ಎ ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತದೆ. ನಮ್ಮ ವ್ಯಾಪಾರಸ್ಥರ ಸಂಘಗಳು, ಫೌಂಡ್ರಿ ಮಾಲೀಕರು ಈಗಿನಿಂದಲೇ ಬೇರೆ ಊರಿನ ಕರಡುಗಳನ್ನು ಓದಿ ರೂಢಿ ಮಾಡಿಕೊಳ್ಳಲಿ. ನಮ್ಮ ಸರದಿ ಬಂದಾಗ ಉತ್ತರ ಬರೆಯಲು ಸಿಗುವುದು ಕೆಲವೇ ವಾರ.

ಇಷ್ಟೆಲ್ಲ ಕೇಳಿ ಆ ಹಿರಿಯರು ಇನ್ನೊಂದು ಕೇಳಿದರು. "ಭೂಮಿ ಬಾಡಿಗಿ ಎಷ್ಟ ಇಟ್ಟಾರ್ರಿ?" ದೆಹಲಿಯ ಒಪ್ಪಂದದಲ್ಲಿ ಇಡೀ ನಿಲ್ದಾಣದ ಭೂಮಿಗೆ ವರ್ಷಕ್ಕೆ 100 ರೂಪಾಯಿ, ಆದಾಯದ ಪಾಲು ಬೇರೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕಾಗದ ತೋರಿಸಿ ಅಂದರು. ಪ್ರಿಂಟ್ ತೆಗೆದು ಕೊಟ್ಟೆ. ಮಡಚಿ, ತಮ್ಮ ಹೊಲದ ಹಳೆಯ ಉತಾರದ ಜೊತೆಗೇ ಚೀಲದಲ್ಲಿಟ್ಟುಕೊಂಡು ಹೋದರು.