ಉಳಿ ಮುಟ್ಟದ ಚಿತ್ತಾರ

ಹಳೆಯ ಕ್ಷೌರದ ಕತ್ತಿಗಳನ್ನು ಮಸೆದುಕೊಡುವುದು ನನ್ನ ಕಸುಬು. ಅಲಗಿನ ಮೇಲೆ ಹದ್ದನ್ನೋ ಹಡಗನ್ನೋ ಕಂಡವರು ಕೇಳುವುದು ಒಂದೇ: ‘ಇಷ್ಟು ನಾಜೂಕಾಗಿ ಯಾರು ಕೆತ್ತಿದ್ದು ಸಾರ್?’

ಬಹುಪಾಲು ಅಲಗುಗಳಲ್ಲಿ ಯಾರೂ ಕೆತ್ತಿಲ್ಲ. ಕಾಯಿಸಿ ಹದ ಕೊಟ್ಟ ಉಕ್ಕಿನ ಮೇಲೆ ಉಳಿ ಜಾರುತ್ತದೆ; ಅದನ್ನು ತಿನ್ನುವುದು ಆಮ್ಲ. ಈ ವಿದ್ಯೆ ಮೊದಲಿದ್ದದ್ದು ಯೂರೋಪಿನ ಯುದ್ಧಕವಚ ಅಲಂಕರಿಸುವವರ ಕೈಯಲ್ಲಿ. ಆಗ್ಸ್‌ಬರ್ಗ್‌ನ ಡೇನಿಯಲ್ ಹಾಪ್ಫರ್ ಅಂಥವನೇ. ಸುಮಾರು 1500ರ ಹೊತ್ತಿಗೆ ಅವನು ಕಬ್ಬಿಣದ ತಗಡಿನ ಮೇಲೂ ಹಾಗೇ ಚಿತ್ರ ಕೊರೆದು, ಕಾಗದಕ್ಕೆ ಅಚ್ಚು ತೆಗೆದ. ಉಕ್ಕಿನಿಂದ ಕಾಗದಕ್ಕೆ ಹೋದ ವಿದ್ಯೆ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕಾಗದದ ಮೂಲಕವೇ ಉಕ್ಕಿಗೆ ಮರಳಿತು.

ಚಿತ್ರವಿರುವ ಲೋಹದ ಫಲಕಕ್ಕೆ ಆಮ್ಲ ತಡೆಯುವ ಅಂಟು ಮಸಿ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಅದನ್ನು ಹೊಳಪು ಕೊಟ್ಟ ಅಲಗಿಗೆ ಒತ್ತಿ, ನೆನೆಸಿ ಸುಲಿದರೆ ಮಸಿಯಷ್ಟೇ ಉಕ್ಕಿಗೆ ಅಂಟಿರುತ್ತಿತ್ತು. ಸುತ್ತಲೂ ವಾರ್ನಿಷ್ ಬಳಿದು ಆಮ್ಲ ಹಚ್ಚಿದರೆ ಮಸಿಯಿದ್ದಲ್ಲಿ ಹೊಳಪು ಉಳಿದು, ಬಿಟ್ಟ ಜಾಗ ಮಂಕಾಗುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿ: ಉಳಿಯ ಗೆರೆಯಂತೆ ಚೂಪಾದ ತಳ ಕಾಣದು, ಹಿಟ್ಟು ಉದುರಿಸಿದಂಥ ಸಣ್ಣ ತರಿ ಕಾಣುತ್ತದೆ.

ಇಂಗ್ಲಿಷ್ ಕತ್ತಿಯ ಮೇಲೆ ಜಾರ್ಜ್ ವಾಷಿಂಗ್ಟನ್ ಮುಖ ಯಾಕೆ? ಶೆಫೀಲ್ಡ್‌ಗೆ ಆಗ ಅಮೆರಿಕ ದೊಡ್ಡ ಗಿರಾಕಿ. ಫಲಕ ಬದಲಿಸಿದರೆ ಅದೇ ಅಲಗಿಗೆ ಬೇರೆ ಮುಖ. ಜರ್ಮನಿಯ ಸೋಲಿಂಗನ್‌ನವರೂ ಇದೇ ದಾರಿ ಹಿಡಿದರು. ಕೆಲವಕ್ಕೆ ಚಿನ್ನದ ಲೇಪವನ್ನೂ ಕೊಟ್ಟರು. ಹಾಗಾಗಿ ಕತ್ತಿಯ ಊರು, ಕಾಲ ತಿಳಿಯಲು ನಾನು ಮೊದಲು ನೋಡುವುದು ಅಲಗು ಹಿಡಿಯನ್ನು ಸೇರುವ ಬಾಲದ ಮೇಲಿನ ಮುದ್ರೆಯನ್ನು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1890ರ ಸುಂಕದ ಕಾಯ್ದೆ ಕಡ್ಡಾಯ ಮಾಡಿತು. ಅಲ್ಲಿಗೆ ಹೋದ ಕತ್ತಿಯಲ್ಲಿ ‘ಜರ್ಮನಿ’ ಎಂದಿದ್ದರೆ ಬಹುಮಟ್ಟಿಗೆ ಅದರ ನಂತರದ್ದು.

ಒಳಗೆ ಹಳ್ಳ ತೆಗೆದ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಮಲಗಿಸಿದರೆ ತಾಗುವುದು ಬೆನ್ನು ಮತ್ತು ಬಾಯಿ ಎರಡೇ. ಚಿತ್ತಾರವಿರುವ ಹಳ್ಳಕ್ಕೆ ಕಲ್ಲು ಸೋಕುವುದಿಲ್ಲ. ಎಷ್ಟೋ ವರ್ಷ ಮಸೆಸಿಕೊಂಡ ಕತ್ತಿಯಲ್ಲೂ ಹದ್ದಿನ ರೆಕ್ಕೆ ನಿಚ್ಚಳವಾಗಿರುವುದು ಅದಕ್ಕೇ. ಅಳಿಸುವುದು ಪಾಲಿಷ್ ಚಕ್ರ. ಕಸುಬಿನ ಶುರುವಿನಲ್ಲಿ ಒಬ್ಬರ ತಾತನ ಕತ್ತಿಯ ತುಕ್ಕು ತೆಗೆಯಲು ಚಕ್ರಕ್ಕೆ ಕೊಟ್ಟೆ. ಹಡಗಿನ ಹಾಯಿ ಕಣ್ಣೆದುರೇ ಮಾಯವಾಯಿತು. ಆ ನೋವು ಇನ್ನೂ ಇದೆ. ಈಗ ಚಿತ್ತಾರದ ಮೇಲೆ ಎಣ್ಣೆ ಅದ್ದಿದ ಹತ್ತಿ ಬಿಟ್ಟು ಬೇರೇನೂ ಆಡಿಸುವುದಿಲ್ಲ. ಚಿನ್ನದ ಲೇಪವಿದ್ದರಂತೂ ಉಜ್ಜಲೇಬೇಡಿ, ಕಲೆ ಉಳಿದರೂ ಸರಿ.