ಎದುರು ಗೋಲಿನ ನಿಂಬೆಹಣ್ಣು

ಗೋವಾದ ವಾಸ್ಕೋ ಊರಿನ ನಮ್ಮ ಏರಿಯಾದಲ್ಲಿ ಭಾನುವಾರ ಸಂಜೆ ಫುಟ್‌ಬಾಲ್ ಇದ್ದರೆ ಮೈದಾನದ ಸುತ್ತ ಎರಡು ಭಾಷೆ ಜೋರಾಗಿ ಕೇಳುತ್ತವೆ. ಒಂದು ಕೊಂಕಣಿ, ಇನ್ನೊಂದು ಗದಗ–ಬಾಗಲಕೋಟೆ ಕಡೆಯ ಕನ್ನಡ. ಅಪ್ಪಂದಿರು ದುಡಿಯಲು ಬಂದವರು. ಮಕ್ಕಳು ಇಲ್ಲೇ ಹುಟ್ಟಿ, ಕ್ರಿಕೆಟ್ ಬ್ಯಾಟಿಗಿಂತ ಮೊದಲು ಫುಟ್‌ಬಾಲ್ ಕಂಡವರು.

ಮೊನ್ನೆ ಮ್ಯಾಚ್ ಶುರುವಾಗುವ ಮೊದಲು ಎದುರು ತಂಡದ ಗೋಲ್‌ಕೀಪರ್ ಹುಡುಗ ತನ್ನ ಜಾಗಕ್ಕೆ ಬಂದ. ಎಡಗಂಬಕ್ಕೆ ಮೂರು ಸಲ ಅಂಗೈ ಬಡಿದ. ಬಲಗಂಬಕ್ಕೆ ಮೂರು ಸಲ. ಜಿಗಿದು ಮೇಲಿನ ಅಡ್ಡಪಟ್ಟಿ ಮುಟ್ಟಿದ. ಆಮೇಲೆ ಸಾಕ್ಸ್ ಒಳಗಿಂದ ಒಂದು ನಿಂಬೆಹಣ್ಣು ತೆಗೆದ. ಹಳೇ ಹಣ್ಣು. ಸಿಪ್ಪೆ ಒಣಗಿ ಕಂದಾಗಿತ್ತು, ಒಂದು ಕಡೆ ಸಾಕ್ಸಿನ ನೂಲು ಅಂಟಿಕೊಂಡಿತ್ತು. ನೂಲು ಬಿಡಿಸಿ, ಬಲೆಯ ಹಿಂದಿನ ಕೆಂಪು ಮಣ್ಣಿನಲ್ಲಿ ಹೆಬ್ಬೆರಳಿನಿಂದ ಒತ್ತಿ, ಅರ್ಧ ಹೂತಿಟ್ಟ.

ನಮ್ಮ ಕಡೆಯವರಿಗೆ ಅಷ್ಟು ಸಾಕಾಯಿತು.

“ಏ ತಮ್ಮಾ, ಸಕ್ರಿ ತಂದೀಯೇನ? ಶರಬತ್ ಮಾಡೋಣಂತ!” ಎಂದು ಕೂಗಿದ್ದು ಕಾಕಾ. ನನಗೊಬ್ಬನಿಗೇ ಅಲ್ಲ, ಇಡೀ ಗಲ್ಲಿಗೇ ಅವರು ಕಾಕಾ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ಕೂಗುವಾಗ ಕಾಕಾ ನಿಂತಿದ್ದು ರಸ್ ಆಮ್ಲೆಟ್ (ಆಮ್ಲೆಟ್ ಮೇಲೆ ಮಸಾಲೆ ಗ್ರೇವಿ ಸುರಿದು ಕೊಡುವ ಗೋವಾದ ತಿಂಡಿ) ಗಾಡಿಯ ಎಡಗಡೆಯ ಚಕ್ರದ ಪಕ್ಕ. ಯಾವತ್ತೋ ಒಮ್ಮೆ ಅಲ್ಲಿ ನಿಂತಾಗ ನಮ್ಮವರು ಗೆದ್ದಿದ್ದರು. ಅವತ್ತಿನಿಂದ ಅವರು ಬೇರೆ ಕಡೆ ನಿಂತಿದ್ದನ್ನು ನಾನಂತೂ ಕಂಡಿಲ್ಲ. ಮೈಮೇಲಿನ ಕಿತ್ತಳೆ ಜೆರ್ಸಿ ಸೀಸನ್ ಮುಗಿಯುವ ತನಕ ನೀರು ಕಾಣುವುದಿಲ್ಲ.

ನಾನೇನು ಕಮ್ಮಿ ಅಲ್ಲ. 2015ರ ಡಿಸೆಂಬರ್ 20ರಂದು ಮಡಗಾಂವ್‌ನ ಫತೋರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. 87ನೇ ನಿಮಿಷದಲ್ಲಿ ಎಫ್‌ಸಿ ಗೋವಾ 2–1 ಮುಂದಾಯಿತು. ಖುಷಿ ತಡೆಯಲಾರದೆ ಮನೆಗೆ ಫೋನ್ ಮಾಡಿದೆ. ಮಾತು ಮುಗಿಸುವುದರೊಳಗೆ ಚೆನ್ನೈಯಿನ್ ಎರಡು ಗೋಲು ಹಾಕಿ 3–2ರಲ್ಲಿ ಕಪ್ ಎತ್ತಿಕೊಂಡು ಹೋಯಿತು. ಅವತ್ತಿನಿಂದ ಕೊನೇ ಸೀಟಿ ಊದುವ ತನಕ ನನ್ನ ಫೋನ್ ಜೇಬಿನಲ್ಲೇ ಇರುತ್ತದೆ. ಫಿಸಿಕ್ಸ್ ಓದಿದವನು ನಾನು, ಗೊತ್ತಾಯ್ತಲ್ಲ?

ಫುಟ್‌ಬಾಲ್‌ನಲ್ಲೇ ಈ ಹುಚ್ಚು ಇಷ್ಟೊಂದು ಯಾಕೆ? ಒಂದು ಕಾರಣ ಲೆಕ್ಕದಲ್ಲೇ ಇದೆ. 2022ರ ವಿಶ್ವಕಪ್‌ನಲ್ಲಿ 64 ಪಂದ್ಯ, 172 ಗೋಲು. ಪಂದ್ಯಕ್ಕೆ ಮೂರೂ ಬೀಳಲಿಲ್ಲ. ಕ್ರಿಕೆಟ್‌ನಲ್ಲಿ ಒಂದು ಕೆಟ್ಟ ಓವರ್ ಆದರೆ ಸರಿಮಾಡಿಕೊಳ್ಳಲು ಇನ್ನೂ ಓವರುಗಳಿರುತ್ತವೆ. ಇಲ್ಲಿ ತೊಂಬತ್ತು ನಿಮಿಷ ಬೆವರು ಸುರಿಸಿದರೂ ಯಾರದೋ ಮೊಣಕಾಲಿಗೆ ತಾಗಿ ತಿರುಗಿದ ಒಂದು ಚೆಂಡು ಇಡೀ ಪಂದ್ಯ ನುಂಗಿಬಿಡುತ್ತದೆ. ಆಟ ನಮ್ಮ ಕೈಯಲ್ಲಿದೆ, ಫಲಿತಾಂಶ ಪೂರ್ತಿ ನಮ್ಮ ಕೈಯಲ್ಲಿಲ್ಲ. ನಿಂಬೆಹಣ್ಣು ಹುಟ್ಟುವುದು ಈ ಸಂದಿಯಲ್ಲೇ.

ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ನೂರು ವರ್ಷದ ಹಿಂದೆ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನು ಗಮನಿಸಿದ್ದರು. ಮೀನುಗಾರರು ಶಾಂತವಾದ ಹಿನ್ನೀರಿಗೆ ಇಳಿಯುವಾಗ ಮಂತ್ರ ತಂತ್ರ ಏನೂ ಇಲ್ಲ, ಸುಮ್ನೆ ಹೋಗಿ ಮೀನು ಹಿಡಿದು ಬರುತ್ತಿದ್ದರು. ತೆರೆದ ಕಡಲಿಗೆ ಹೊರಟಾಗ ಮಾತ್ರ ಪೂಜೆಯ ಸಡಗರ. ಅಮೆರಿಕದ ಜಾರ್ಜ್ ಗ್ಮೆಲ್ಚ್ ಸ್ವತಃ ಬೇಸ್‌ಬಾಲ್ ಆಡಿ ಆಮೇಲೆ ಮಾನವಶಾಸ್ತ್ರಕ್ಕೆ ಬಂದವರು. ಅವರು ಕಂಡಿದ್ದೂ ಇದೇ. ಚೆಂಡು ಎಸೆಯುವವರು, ಹೊಡೆಯುವವರ ಬಳಿ ರಾಶಿ ರಾಶಿ ಶಾಸ್ತ್ರ. ಫೀಲ್ಡರ್‌ಗಳ ಬಳಿ ಹೆಚ್ಚೇನಿಲ್ಲ, ಯಾಕೆಂದರೆ ಅವರ ಕೈಗೆ ಬಂದ ಚೆಂಡು ತಪ್ಪುವುದೇ ಅಪರೂಪ.

ಆದರೆ ಕಂಬಕ್ಕೆ ಮೂರೇ ಸಲ ಯಾಕೆ ಬಡಿಯಬೇಕು? ಇದಕ್ಕೆ ಪಾರಿವಾಳಗಳ ಹತ್ತಿರ ಹೋಗಬೇಕು.

1948ರಲ್ಲಿ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಎಂಟು ಹಸಿದ ಪಾರಿವಾಳಗಳನ್ನು ಒಂದೊಂದಾಗಿ ಗೂಡಿಗೆ ಬಿಟ್ಟರು. ಗಡಿಯಾರದ ಪ್ರಕಾರ ಇಷ್ಟಿಷ್ಟು ಹೊತ್ತಿಗೆ ಕಾಳು ಬರುತ್ತದೆ. ಹಕ್ಕಿ ಏನು ಮಾಡಿದರೂ ಬರುತ್ತದೆ, ಏನೂ ಮಾಡದಿದ್ದರೂ ಬರುತ್ತದೆ. ಆದರೂ ಎಂಟರಲ್ಲಿ ಆರು ಹಕ್ಕಿಗಳು ಏನಾದರೊಂದು ಹಿಡಿದುಕೊಂಡವು. ಒಂದು ಎಡಕ್ಕೆ ಗಿರಗಿರ ಸುತ್ತಿತು. ಇನ್ನೊಂದು ಗೂಡಿನ ಮೇಲಿನ ಮೂಲೆಗೆ ಮತ್ತೆ ಮತ್ತೆ ತಲೆ ತೂರಿಸಿತು. ಕಾಳು ಬಿದ್ದ ಗಳಿಗೆಯಲ್ಲಿ ಏನು ಮಾಡುತ್ತಿತ್ತೋ ಅದಕ್ಕೇ ಕಾಳು ಬಂತು ಅಂತ ಹಕ್ಕಿಯ ಲೆಕ್ಕ. ಒಂದು ಹಕ್ಕಿಗಂತೂ ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಹತ್ತು ಸಾವಿರಕ್ಕಿಂತ ಜಾಸ್ತಿ ಸಲ ಅದೇ ಕುಣಿತ! ಊಟಕ್ಕೆ ಕಾಯುವ ಪಾರಿವಾಳ ಸಹಜವಾಗಿಯೇ ಹೀಗೆ ಚಡಪಡಿಸುತ್ತದೆ, ಸ್ಕಿನ್ನರ್ ಸ್ವಲ್ಪ ಹೆಚ್ಚೇ ಅರ್ಥ ಹಚ್ಚಿದರು ಎಂದು 1971ರಲ್ಲಿ ಬೇರೆ ಸಂಶೋಧಕರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ.

ಆದರೆ ಮನುಷ್ಯರ ಮೇಲೂ ಈ ಪ್ರಯೋಗ ನಡೆದಿದೆ. ಜಪಾನಿನ ಕೊಯಿಚಿ ಓನೊ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಕಾಲೇಜು ವಿದ್ಯಾರ್ಥಿಗಳಿದ್ದರು. ಮೇಜಿನ ಮೇಲೆ ಮೂರು ಹಿಡಿಕೆ, ಎದುರಿಗೆ ಅಂಕ ತೋರಿಸುವ ಯಂತ್ರ. ಆದಷ್ಟು ಅಂಕ ಗಳಿಸಿ ಎಂದು ಹೇಳಿದರು. ಅಂಕಕ್ಕೂ ಹಿಡಿಕೆಗೂ ಸಂಬಂಧವೇ ಇರಲಿಲ್ಲ. ಒಬ್ಬಳು ಹುಡುಗಿ ಮೇಜು ಹತ್ತಿದಳು, ಗೋಡೆ ಮುಟ್ಟಿದಳು, ಕೊನೆಗೆ ಕೈಯಲ್ಲಿ ಚಪ್ಪಲಿ ಹಿಡಿದು ಅದು ಚಾವಣಿಗೆ ತಾಗುವಂತೆ ಜಿಗಿಯತೊಡಗಿದಳು. ಸುಸ್ತಾಗುವ ತನಕ ಜಿಗಿದಳು. ಅವಳ ಕೈಯಲ್ಲಿ ಚಪ್ಪಲಿ, ನನ್ನ ಜೇಬಿನಲ್ಲಿ ಫೋನ್. ಏನು ವ್ಯತ್ಯಾಸ?

ಒಮ್ಮೆ ಅಂಟಿಕೊಂಡರೆ ಬಿಡುವುದು ಕಷ್ಟ, ಯಾಕೆಂದರೆ ಸೋತಾಗ ಸಬೂಬು ತಯಾರಿರುತ್ತದೆ. 1998ರ ವಿಶ್ವಕಪ್‌ನಲ್ಲಿ ಫ್ರಾನ್ಸಿನ ಲೊರಾಂ ಬ್ಲಾಂ ಪಂದ್ಯಕ್ಕೆ ಮೊದಲು ಗೋಲ್‌ಕೀಪರ್ ಬಾರ್ತೇಜ್ ಅವರ ಬೋಳುತಲೆಗೆ ಮುತ್ತಿಡುತ್ತಿದ್ದರು. ಫ್ರಾನ್ಸ್ ಗೆದ್ದಿತು. 2002ರಲ್ಲಿ ಬ್ಲಾಂ ತಂಡದಿಂದ ನಿವೃತ್ತರಾಗಿದ್ದರು. ಫ್ರಾನ್ಸ್ ಒಂದೂ ಗೋಲು ಹಾಕದೆ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ನಮ್ಮ ಕಾಕಾನಿಗೆ ಇದಕ್ಕಿಂತ ಪುರಾವೆ ಬೇಡ. ಆಗ ತಂಡದ ಮುಖ್ಯ ಆಟಗಾರ ಜಿದಾನ್ ಗಾಯಗೊಂಡು ಮೊದಲೆರಡು ಪಂದ್ಯ ಹೊರಗೆ ಕೂತಿದ್ದರು ಎಂದರೆ “ಅದು ಬ್ಯಾರೆ ಮಾತು” ಎನ್ನುತ್ತಾರೆ.

1990ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಗೋಲ್‌ಕೀಪರ್ ಗೊಯ್ಕೊಚಿಯಾ ಅವರದು ಇನ್ನೂ ಮಜಾ. ಕ್ವಾರ್ಟರ್ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಮೊದಲು ಮೂತ್ರಕ್ಕೆ ಅವಸರ, ಮೈದಾನ ಬಿಟ್ಟು ಹೋಗುವಂತಿಲ್ಲ. ಅಲ್ಲೇ ಮುಗಿಸಿದರು. ಗೆದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಶೂಟೌಟ್. ಈ ಸಲ ಬೇಕೆಂದೇ ಮಾಡಿದರು. ಮತ್ತೆ ಗೆದ್ದರು. ಫೈನಲ್‌ನಲ್ಲಿ ಜರ್ಮನಿಗೆ 85ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು, ಅದು ಗೋಲಾಯಿತು. ಆಟದ ನಡುವೆ ಅಂಥ ಪೂಜೆಗೆ ಪುರುಸೊತ್ತೆಲ್ಲಿ?

ಹಾಗಾದರೆ ಇದೆಲ್ಲ ದಂಡವೇ? ಪೂರ್ತಿ ದಂಡ ಅಂತ ಹೇಳಲಾರೆ. 2016ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಅಪರಿಚಿತರ ಮುಂದೆ ಹಾಡಬೇಕಾದ ಕೆಲವರಿಗೆ ಒಂದು ಚಿಕ್ಕ ಶಾಸ್ತ್ರ ಮಾಡಿಸಿದರು. ಮನಸ್ಸಿನಲ್ಲಿರುವುದನ್ನು ಕಾಗದದಲ್ಲಿ ಚಿತ್ರ ಬರಿ, ಮೇಲೆ ಉಪ್ಪು ಉದುರಿಸು, ಐದರ ತನಕ ಎಣಿಸು, ಮುದುಡಿ ಕಸದ ಬುಟ್ಟಿಗೆ ಎಸೆ. ಅಷ್ಟೇ. ಇದನ್ನು ಮಾಡಿದವರ ಆತಂಕ ಇಳಿಯಿತು, ಹಾಡೂ ಸುಧಾರಿಸಿತು. ಉಪ್ಪಿಗೆ ಶಕ್ತಿ ಬಂದಿತೆಂದಲ್ಲ. ಏನಾದರೂ ಕ್ರಮವಾಗಿ ಮಾಡುತ್ತಿದ್ದರೆ ಚಿಂತೆ ಮಾಡಲು ಮನಸ್ಸಿಗೆ ಜಾಗ ಕಮ್ಮಿ. ಆದರೆ ಇದೊಂದನ್ನೇ ಹಿಡಿದು ಕುಣಿಯಬಾರದು. ‘ಅದೃಷ್ಟದ ಚೆಂಡು’ ಅಂತ ಹೇಳಿ ಕೊಟ್ಟರೆ ಗಾಲ್ಫ್ ಚೆನ್ನಾಗಿ ಆಡುತ್ತಾರೆ ಎಂದು 2010ರಲ್ಲಿ ಒಂದು ಜರ್ಮನ್ ಅಧ್ಯಯನ ಹೆಸರು ಮಾಡಿತು. ಹೆಚ್ಚು ಜನರನ್ನಿಟ್ಟು 2014ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾವು ಆ ಹುಡುಗನ ನಿಂಬೆಹಣ್ಣಿಗೆ ನಕ್ಕಿದ್ದೇಕೆ? ಅವನು ಅವರ ಕಡೆಯವನು, ಅದಕ್ಕೆ. 1951ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಅಮೆರಿಕದ ಎರಡು ಕಾಲೇಜುಗಳ ನಡುವೆ ಒರಟು ಪಂದ್ಯವೊಂದು ನಡೆಯಿತು (ಅವರ ಫುಟ್‌ಬಾಲ್ ಬೇರೆ, ಕೈಯಲ್ಲೇ ಜಾಸ್ತಿ ಆಡುತ್ತಾರೆ). ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಫಿಲ್ಮ್ ತೋರಿಸಿ ತಪ್ಪು ಎಣಿಸಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಕಂಡ ತಪ್ಪುಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ ತಪ್ಪುಗಳನ್ನು ಅದೇ ತಂಡದಲ್ಲಿ ಪ್ರಿನ್ಸ್‌ಟನ್‌ನವರು ಕಂಡರು. ರೀಲ್ ಒಂದೇ. ಕಾಕಾನ ಒಗೆಯದ ಜೆರ್ಸಿ ನಮಗೆ ‘ಅಭಿಮಾನ’, ಆ ಹುಡುಗನ ನಿಂಬೆಹಣ್ಣು ‘ಮೂಢನಂಬಿಕೆ’. ನಮ್ಮ ಲೇವಡಿಗೂ ಒಂದು ಕ್ರಮ ಇದೆ, ಗಮನಿಸಿ. ಪ್ರತಿ ವಾರ ಮೊದಲ ಕೂಗು ಕಾಕಾನದೇ ಆಗಬೇಕು. ಬೇರೆಯವರು ಬಾಯಿ ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ.

‘ಅವರ ಕಡೆ’ ಎಂಬ ಗೆರೆ ಸರಿದಾಡುವುದೂ ಉಂಟು. ಇಂಗ್ಲೆಂಡಿನಲ್ಲಿ 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಎದುರು ಒಬ್ಬ ಜಾರಿ ಬಿದ್ದು ನರಳುವಂತೆ ನಟಿಸಿದ. ತಮ್ಮ ತಂಡದ ಜೆರ್ಸಿ ಹಾಕಿದ್ದಾಗ ಹೆಚ್ಚಿನವರು ನೆರವಿಗೆ ಹೋದರು. ಲಿವರ್‌ಪೂಲ್ ಜೆರ್ಸಿ ಹಾಕಿದ್ದಾಗ ಹೋದವರು ಕೆಲವರೇ. ಆದರೆ ಮೊದಲೇ ‘ಫುಟ್‌ಬಾಲ್ ಪ್ರೇಮಿ’ಗಳಾಗಿ ಮಾತಾಡಿಸಿ ಕಳಿಸಿದಾಗ ಲಿವರ್‌ಪೂಲ್ ಜೆರ್ಸಿಯವನಿಗೂ ಕೈ ಕೊಟ್ಟು ಎಬ್ಬಿಸಿದರು.

ಮೊನ್ನೆಯ ಮ್ಯಾಚ್ ನಾವು 1–0ಯಲ್ಲಿ ಸೋತೆವು. ನಮಗೂ ಒಂದು ಪೆನಾಲ್ಟಿ ಸಿಕ್ಕಿತ್ತು. ಆ ಹುಡುಗ ಎಡಕ್ಕೆ ಹಾರಿ ತಡೆದ. ಮುಗಿದ ಮೇಲೆ ಅವನು ಕೂಡ ರಸ್ ಆಮ್ಲೆಟ್ ಗಾಡಿಗೇ ಬಂದ. ಕೈಯಲ್ಲಿ ಮಣ್ಣಾದ ನಿಂಬೆಹಣ್ಣು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ತಮ್ಮಾ, ಇದನ್ನ ಎಲ್ಲೆ ತಗೊಂಡಿ?”

“ಅವ್ವ ಕೊಟ್ಟಾಳ್ರೀ.”

ಅವನೂ ನಮ್ಮ ಕಡೆಯವನೇ ಎಂದು ಗೊತ್ತಾಗಿದ್ದು ಆಗ. ಕಾಕಾ ಅವನಿಗೂ ಒಂದು ಪ್ಲೇಟ್ ಹೇಳಿದರು. ಗಾಡಿಯವನ ಹತ್ತಿರ ನಿಂಬೆಹಣ್ಣು ಮುಗಿದಿತ್ತು.

“ಅದನ್ನ ತೊಳದು ಕೊಡು, ಆಮ್ಲೆಟ್ ಮ್ಯಾಲ ಹಿಂಡೋಣ” ಎಂದರು ಕಾಕಾ.

“ಬ್ಯಾಡ್ರೀ ಕಾಕಾ, ಇನ್ನೂ ಎರಡು ಮ್ಯಾಚ್ ಅದಾವ” ಎಂದು ಹುಡುಗ ಅದನ್ನು ಮತ್ತೆ ಸಾಕ್ಸಿನೊಳಗೆ ಇಳಿಸಿದ.