ತುಣುಕುಗಳಲ್ಲಿ ಉಳಿದುಕೊಂಡ ಒಂದು ಸೋಲ್ ಆಲ್ಬಮ್

ಅಮೆರಿಕದ ಕಪ್ಪು ಸಂಗೀತದ ಇತಿಹಾಸದಲ್ಲಿ 1971ರಿಂದ 1975ರವರೆಗಿನ ಅವಧಿಯನ್ನು ಕಾನ್ಸೆಪ್ಟ್ ಆಲ್ಬಮ್‌ಗಳ ಕಾಲವೆಂದೇ ಕರೆಯಬಹುದು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ 1971ರಲ್ಲಿ, ಕರ್ಟಿಸ್ ಮೇಫೀಲ್ಡ್ ಅವರ ‘ಸೂಪರ್‌ಫ್ಲೈ’ 1972ರಲ್ಲಿ ಬಂದ ಮೇಲೆ, ಬಿಡಿ ಹಾಡುಗಳ ಕಂತೆಯಾಗಿದ್ದ ಎಲ್‌ಪಿ ಎಂಬ ದೀರ್ಘ ಧ್ವನಿಮುದ್ರಿಕೆ ಒಂದೇ ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನಡೆಯುವ ಕೃತಿಯೂ ಆಗಬಲ್ಲದೆಂಬುದು ಖಚಿತವಾಯಿತು. ಇವೆರಡೂ ಅಪಾರವಾಗಿ ಮಾರಾಟವಾದವು. ಇದೇ ಸಾಲಿಗೆ ಸೇರುವ, ನನ್ನ ಮಟ್ಟಿಗೆ ಇವೆರಡಕ್ಕಿಂತಲೂ ಕಠೋರವಾದ ಮೂರನೆಯದೊಂದು ಆಲ್ಬಮ್ 1973ರಲ್ಲಿ ಬಂದು, ಯಾರ ಗಮನಕ್ಕೂ ಬೀಳದೆ ಅಂಗಡಿಗಳಿಂದ ಮರೆಯಾಯಿತು. ಅದರ ಹೆಸರು ‘ಘೆಟ್ಟೊ: ಮಿಸ್‌ಫಾರ್ಚೂನ್ಸ್ ವೆಲ್ತ್’, ತಂಡದ ಹೆಸರು 24-ಕ್ಯಾರಟ್ ಬ್ಲ್ಯಾಕ್.

ಈ ಆಲ್ಬಮಿನ ಹಿಂದಿದ್ದವರು ಡೇಲ್ ವಾರೆನ್. ಶಾಸ್ತ್ರೀಯ ಪಾಶ್ಚಾತ್ಯ ಸಂಗೀತದ ತರಬೇತಿಯಿದ್ದ ಈ ಸಂಯೋಜಕರು ಮೊದಲು ಡೆಟ್ರಾಯಿಟ್‌ನ ಮೋಟೌನ್‌ಗೆ, ಅನಂತರ ಮೆಂಫಿಸ್‌ನ ಸ್ಟ್ಯಾಕ್ಸ್‌ಗೆ, ಹೀಗೆ ಎರಡು ಧ್ವನಿಮುದ್ರಿಕೆ ಕಂಪನಿಗಳಿಗೆ ವಾದ್ಯಸಂಯೋಜನೆ ಮಾಡಿದವರು. ಐಸಾಕ್ ಹೇಯ್ಸ್ ಅವರ 1969ರ ‘ಹಾಟ್ ಬಟರ್ಡ್ ಸೋಲ್’ ಆಲ್ಬಮಿನ ಪಿಟೀಲು ಮೇಳದ ಹಿಂದೆ ವಾರೆನ್ ಅವರ ಕೈಯಿದೆ. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕಲೋಸಿಯಂ ಮೈದಾನದಲ್ಲಿ ನಡೆದ ವಾಟ್‌ಸ್ಟ್ಯಾಕ್ಸ್ ಸಂಗೀತೋತ್ಸವದಲ್ಲಿ ವಾದ್ಯಮೇಳವನ್ನು ಮುನ್ನಡೆಸಿದವರೂ ಇವರೇ. ಹೀಗೆ ಅನ್ಯರ ಹಾಡುಗಳಿಗೆ ಮೆರುಗು ಕೊಡುತ್ತಿದ್ದ ವಾರೆನ್ ತಮ್ಮದೇ ಕೃತಿಗಾಗಿ ಆರಿಸಿಕೊಂಡದ್ದು ಹೆಸರಾಂತ ಗಾಯಕರನ್ನಲ್ಲ. ಸಿನ್ಸಿನಾಟಿಯಲ್ಲಿ ದಿಟಾಲಿಯನ್ಸ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ, ಹದಿಹರೆಯ ದಾಟಿಯೂ ದಾಟದ ತರುಣ ತರುಣಿಯರನ್ನು.

ವಸ್ತು ಒಂದೇ: ನಗರದ ಕಪ್ಪು ಕೇರಿಯ ಬಡತನ. ಹಾಡುಗಳ ಶೀರ್ಷಿಕೆಗಳನ್ನು ಓದಿದರೂ ಸಾಕು, ಆಲ್ಬಮ್ ಎಲ್ಲಿಗೆ ಕರೆದೊಯ್ಯುತ್ತದೆಂದು ತಿಳಿಯುತ್ತದೆ: ‘ಪಾವರ್ಟೀಸ್ ಪ್ಯಾರಡೈಸ್’, ‘ಮದರ್ಸ್ ಡೇ’, ಬಡವರಿಗೆ ಸರ್ಕಾರ ಕೊಡುವ ಆಹಾರ ಚೀಟಿಯ ಹೆಸರನ್ನೇ ಹೊತ್ತ ‘ಫುಡ್‌ಸ್ಟ್ಯಾಂಪ್ಸ್’. ನಡುನಡುವೆ ‘ಸಿನಾಪ್ಸಿಸ್’ ಎಂಬ ಭಾಗಗಳು ಕಥನದ ಎಳೆಯನ್ನು ಜೋಡಿಸುತ್ತವೆ. ಮಾರ್ವಿನ್ ಗೇ ಅವರಲ್ಲಿ ದೇವರ ಮೇಲಿನ ಭರವಸೆ ಕೇಳುಗನನ್ನು ಸಂತೈಸುತ್ತದೆ, ಮೇಫೀಲ್ಡ್ ಅವರಲ್ಲಿ ಲಯದ ಉತ್ಸಾಹವಾದರೂ ಇದೆ; ವಾರೆನ್ ಇವೆರಡನ್ನೂ ಬಹುಮಟ್ಟಿಗೆ ನಿರಾಕರಿಸುತ್ತಾರೆ. ಅತಿ ದೀರ್ಘವಾದ ‘ಪಾವರ್ಟೀಸ್ ಪ್ಯಾರಡೈಸ್’ ಹಾಡನ್ನು ಕೇಳಿ ನೋಡಬೇಕು. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಅವಸರವಿಲ್ಲದೆ ಒಂದೇ ನಡೆಯಲ್ಲಿ ಸಾಗುತ್ತವೆ, ಅವುಗಳ ಮೇಲೆ ಪ್ರಿನ್ಸೆಸ್ ಹರ್ನ್ ಎಂಬ ಗಾಯಕಿಯ ಎಳೆಯ ಕಂಠ ಈ ಭೂಮಿಯ ಮೇಲೆ ಬಾಳಿಕೊಳ್ಳುವ ದಾರಿಯೇ ತನಗೆ ಕಾಣುತ್ತಿಲ್ಲವೆಂದು ಹಾಡುತ್ತದೆ. ಆ ದನಿಯಲ್ಲಿ ದೂರಿಲ್ಲ, ದಣಿವಿದೆ. ಅದೇ ಅದರ ಶಕ್ತಿ.

ಇಂಥ ಆಲ್ಬಮ್ ಸೋತದ್ದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವೇನಲ್ಲ. ರೇಡಿಯೊದವರು ಬಿಡಿಯಾಗಿ ಎತ್ತಿ ಪ್ರಸಾರ ಮಾಡಬಲ್ಲ ಮೂರು ನಿಮಿಷದ ಜನಪ್ರಿಯ ಹಾಡು ಇದರಲ್ಲಿರಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಆಲ್ಬಮನ್ನು ಹೊರತಂದ ಸ್ಟ್ಯಾಕ್ಸ್ ಸಂಸ್ಥೆಯದೇ ಆಗಿತ್ತು. 1972ರಲ್ಲಿ ಅದು ತನ್ನ ಮುದ್ರಿಕೆಗಳ ವಿತರಣೆಯನ್ನು ದೊಡ್ಡ ಕಂಪನಿಯಾದ ಸಿಬಿಎಸ್‌ಗೆ ಒಪ್ಪಿಸಿತ್ತು. ಆ ಒಪ್ಪಂದವನ್ನು ಕುದುರಿಸಿದ್ದ ಕ್ಲೈವ್ ಡೇವಿಸ್ 1973ರ ಮೇ ತಿಂಗಳಲ್ಲಿ ಸಿಬಿಎಸ್‌ನಿಂದ ಹೊರಬಿದ್ದ ಮೇಲೆ ಎರಡು ಸಂಸ್ಥೆಗಳ ಸಂಬಂಧ ಹದಗೆಟ್ಟಿತು. 1975ರ ಡಿಸೆಂಬರಿನಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು. ತಂಡ ಎರಡನೆಯ ಆಲ್ಬಮಿಗಾಗಿ ಹಾಡಿದ್ದ ಹಾಡುಗಳು ಬೆಳಕು ಕಾಣಲಿಲ್ಲ. ಆ ಟೇಪುಗಳು ಇಂಜಿನಿಯರ್ ಒಬ್ಬರ ಮನೆಯ ನೆಲಮಾಳಿಗೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಬಿದ್ದಿದ್ದವು. ಶಿಕಾಗೊದ ನ್ಯೂಮೆರೊ ಸಂಸ್ಥೆ ಅವುಗಳಲ್ಲಿ ಹಾಳಾಗದೆ ಉಳಿದಿದ್ದನ್ನು 2009ರಲ್ಲಿ ‘ಗಾನ್: ದ ಪ್ರಾಮಿಸಸ್ ಆಫ್ ಯೆಸ್ಟರ್‌ಡೇ’ ಎಂಬ ಹೆಸರಿನಲ್ಲಿ ಹೊರತಂದಿತು. 1994ರಲ್ಲೇ ತೀರಿಕೊಂಡಿದ್ದ ವಾರೆನ್ ಅದನ್ನು ನೋಡಲಿಲ್ಲ.

ಆದರೆ ಮೊದಲ ಆಲ್ಬಮನ್ನು ಮರುಶೋಧಿಸಿದವರು ವಿಮರ್ಶಕರಲ್ಲ, ಹಳೆಯ ಎಲ್‌ಪಿಗಳ ರಾಶಿಯಲ್ಲಿ ಲಯದ ತುಣುಕುಗಳನ್ನು ಹುಡುಕುತ್ತಿದ್ದ ಹಿಪ್-ಹಾಪ್ ನಿರ್ಮಾಪಕರು. ಅವರಿಗೆ ಬೇಕಾದದ್ದು ಈ ಆಲ್ಬಮಿನಲ್ಲಿ ಹೇರಳವಾಗಿತ್ತು. ಡ್ರಮ್ಸ್ ಮತ್ತು ಬೇಸ್ ನಡುವೆ ಧಾರಾಳ ಬಿಡುವಿರುವುದರಿಂದ ಎರಡು ಆವರ್ತಗಳಷ್ಟನ್ನು ಕತ್ತರಿಸಿ ಮತ್ತೆ ಮತ್ತೆ ಸುತ್ತಿಸಿದರೆ, ಅದರ ಮೇಲೆ ಮಾತು ಜೋಡಿಸಲು ಜಾಗ ಸಿಗುತ್ತದೆ. ಎರಿಕ್ ಬಿ ಮತ್ತು ರಕೀಮ್ ಜೋಡಿ 1990ರ ‘ಇನ್ ದ ಘೆಟ್ಟೊ’ದಲ್ಲಿ ಇದನ್ನು ಬಳಸಿಕೊಂಡಿತು. ನಾಟಿ ಬೈ ನೇಚರ್ ತಂಡ 1995ರ ತನ್ನ ಆಲ್ಬಮಿಗೆ ‘ಪಾವರ್ಟೀಸ್ ಪ್ಯಾರಡೈಸ್’ ಎಂದೇ ಹೆಸರಿಟ್ಟಿತು. 2017ರಲ್ಲಿ ಕೆಂಡ್ರಿಕ್ ಲಮಾರ್ ಅವರ ‘ಫಿಯರ್’ ಹಾಡಿನಲ್ಲಿ, ಏಳು, ಹದಿನೇಳು, ಇಪ್ಪತ್ತೇಳನೆಯ ವಯಸ್ಸುಗಳ ಭಯಗಳನ್ನು ಅವರು ಹೇಳಿಕೊಳ್ಳುವಾಗ, ಪ್ರಿನ್ಸೆಸ್ ಹರ್ನ್ ಅವರ ಅದೇ ಸಾಲು ಕೇಳಿಬರುತ್ತದೆ. ಆ ಹಾಡನ್ನು ಒಳಗೊಂಡ ಆಲ್ಬಮಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಲಮಾರ್ ಅವರ ಬಳಕೆ ಗೌರವಯುತವಾದದ್ದೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಅವರು ಲಯವನ್ನಷ್ಟೇ ಅಲ್ಲ, ಆ ಸಾಲಿನ ಅರ್ಥವನ್ನೂ ಎತ್ತಿಕೊಂಡಿದ್ದಾರೆ.

ಇಷ್ಟಾದರೂ ಹೀಗೆ ಹಳೆಯ ಮುದ್ರಿಕೆಗಳ ತುಣುಕುಗಳನ್ನು ಮರುಬಳಸುವ ಸ್ಯಾಂಪ್ಲಿಂಗ್‌ನಿಂದ ಬಂದ ಹಣದಲ್ಲಿ ತಮಗೆ ಪಾಲು ಸಿಗಲಿಲ್ಲವೆಂದು ತಂಡದ ಸದಸ್ಯರು ಪತ್ರಕರ್ತರೊಡನೆ ಹೇಳಿಕೊಂಡಿದ್ದಾರೆ. ಇದರ ಮೂಲ ಹಕ್ಕುಸ್ವಾಮ್ಯದ ಏರ್ಪಾಡಿನಲ್ಲಿದೆ. ಒಂದು ಧ್ವನಿಮುದ್ರಿಕೆಯ ತುಣುಕನ್ನು ಬಳಸಲು ಎರಡು ಅನುಮತಿ ಬೇಕು: ಮುದ್ರಿತ ಧ್ವನಿಯ ಒಡೆಯರದು ಒಂದು, ಹಾಡು ಕಟ್ಟಿದವರ ಹಕ್ಕು ಹೊಂದಿದವರದು ಇನ್ನೊಂದು. 1991ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ರ್ಯಾಪ್ ಗಾಯಕ ಬಿಜ್ ಮಾರ್ಕಿ ಅವರ ಪ್ರಕರಣದಲ್ಲಿ ಅನುಮತಿಯಿಲ್ಲದ ಸ್ಯಾಂಪ್ಲಿಂಗನ್ನು ಕಳ್ಳತನವೆಂದೇ ಪರಿಗಣಿಸಿದ ಮೇಲೆ ಈ ಶುಲ್ಕ ಅನಿವಾರ್ಯವಾಯಿತು. ಆದರೆ ಶುಲ್ಕ ಸಲ್ಲುವುದು ಹಕ್ಕು ಯಾರ ಹೆಸರಿನಲ್ಲಿದೆಯೋ ಅವರಿಗೆ. ಹಾಡುಗಳು ವಾರೆನ್ ಅವರ ಹೆಸರಿನಲ್ಲಿದ್ದವು, ಮುದ್ರಿಕೆಗಳು ಸ್ಟ್ಯಾಕ್ಸ್‌ನಿಂದ ಮುಂದಿನ ಕಂಪನಿಗಳ ಕೈಗೆ ದಾಟಿದವು. ಹಾಡಿದವರು, ನುಡಿಸಿದವರು ಈ ಎರಡೂ ಕಡೆ ಇರಲಿಲ್ಲ. ಅಮೆರಿಕದ 1995ರ ಕಾನೂನಿನ ಪ್ರಕಾರ ಅಂತರ್ಜಾಲ ಮತ್ತು ಉಪಗ್ರಹ ರೇಡಿಯೊದ ಸಂಭಾವನೆಯಲ್ಲಿ ಶೇ. 45ರಷ್ಟು ಮುಖ್ಯ ಕಲಾವಿದರಿಗೆ, ಶೇ. 5ರಷ್ಟು ಸಹಕಲಾವಿದರಿಗೆ ಸಲ್ಲುತ್ತದೆ. ಸ್ಯಾಂಪ್ಲಿಂಗ್ ಶುಲ್ಕಕ್ಕೆ ಇಂಥ ಕಡ್ಡಾಯ ಪಾಲು ಇಲ್ಲ. ಅದು ಇಂದಿಗೂ 1973ರಂಥ ಹಳೆಯ ಕರಾರುಗಳಲ್ಲಿ ಏನು ಬರೆದಿದೆಯೋ ಅದರಂತೆಯೇ ಹಂಚಿಕೆಯಾಗುತ್ತದೆ.